ಭೂಗರ್ಭದ ಬಾಂದುಕಲ್ಲು

ಬೆಂಗಳೂರು ನಗರವು ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡ್ ದ್ವೀಪದ ಪಡುವಣ ಕಡಲಲ್ಲಿ ಮುಳುಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಇದು ಮಳೆಗಾಲದ ಮಾತಲ್ಲ. ಯಾರೋ ಪುಣ್ಯಾತ್ಮರು ಎಕ್ಸೆಲ್ ಹಾಳೆಯಲ್ಲಿ ಅಕ್ಷಾಂಶದ ಜಾಗಕ್ಕೆ ರೇಖಾಂಶವನ್ನೂ ರೇಖಾಂಶದ ಜಾಗಕ್ಕೆ ಅಕ್ಷಾಂಶವನ್ನೂ ತುಂಬಿ ಕಳಿಸಿರುತ್ತಾರೆ. 12.97 ಉತ್ತರ, 77.59 ಪೂರ್ವದಲ್ಲಿ ತನ್ನ ಪಾಡಿಗೆ ಟ್ರಾಫಿಕ್ಕಿನಲ್ಲಿ ನಿಂತಿದ್ದ ಊರು 77.59 ಉತ್ತರ, 12.97 ಪೂರ್ವಕ್ಕೆ ಹೋಗಿ ಹಿಮಕರಡಿಗಳ ನೆರೆಮನೆಯಾಗುತ್ತದೆ. ಎರಡೂ ಕಾಲಂ ಖಾಲಿ ಬಿಟ್ಟವರ ಊರುಗಳೋ, ಆಫ್ರಿಕಾದ ಮಗ್ಗುಲಲ್ಲಿ, ಗಿನಿ ಕೊಲ್ಲಿಯ ಸೊನ್ನೆ ಡಿಗ್ರಿ ಸೊನ್ನೆ ಡಿಗ್ರಿಗೆ ಹೋಗಿ ಬೀಳುತ್ತವೆ. ಅಲ್ಲಿ ನೆಲವೆಂಬುದಿಲ್ಲ. ಹವಾಮಾನ ಅಳೆಯುವ ಒಂದು ತೇಲುಬುರುಡೆಯನ್ನು ಕಟ್ಟಿದ್ದರು, ಅಷ್ಟೆ. ನಕ್ಷೆಯ ಕಸುಬಿನವರು ಆ ಜಾಗಕ್ಕೆ ‘ನಲ್ ಐಲ್ಯಾಂಡ್’ ಎಂದು ಹೆಸರಿಟ್ಟಿದ್ದಾರೆ. ಜಗತ್ತಿನ ಕಚೇರಿಗಳ ಸೋಮಾರಿತನವೆಲ್ಲ ಅಲ್ಲಿ ಬಂದು ಬೀಳುತ್ತಿದ್ದರೂ ಇನ್ನೂ ನಿಜವಾದ ದ್ವೀಪ ಎದ್ದಿಲ್ಲವೆಂಬುದೇ ಸೋಜಿಗ.

ಒಟ್ಟಿನಲ್ಲಿ, ಅಂಕಿ ಕೊಟ್ಟರೆ ಸಾಲದು. ಎಲ್ಲಿಂದ ಅಳೆದದ್ದು, ಯಾವ ದಿಕ್ಕಿಗೆ, ಯಾವ ಅಳತೆಗೋಲಿನಲ್ಲಿ ಎಂಬುದನ್ನೂ ಹೇಳಬೇಕು. ಇದಕ್ಕೆ ಕೋಆರ್ಡಿನೇಟ್ ರೆಫರೆನ್ಸ್ ಸಿಸ್ಟಮ್ ಎಂಬ ಉದ್ದ ಹೆಸರಿದೆ. ಬಾಯಿ ನೋಯದಿರಲೆಂದು ನಾವು ಸಿಆರ್‌ಎಸ್ ಅನ್ನುತ್ತೇವೆ. ನನಗೆ ಇದು ಹೊಸತೇನೂ ಅನ್ನಿಸಲಿಲ್ಲ, ಯಾಕೆಂದರೆ ನಮ್ಮ ಮನೆಯ ಪುರೋಹಿತರು ಪ್ರತಿ ಹಬ್ಬಕ್ಕೂ ಇದನ್ನೇ ಹೇಳುತ್ತಿದ್ದರು. ಸಂಕಲ್ಪ ಮಾಡುವಾಗ ಜಂಬೂದ್ವೀಪ, ಭರತಖಂಡ, ಮೇರುವಿನ ತೆಂಕಣ ಪಕ್ಕ, ಗೋದಾವರಿಯ ತೆಂಕಣ ದಂಡೆ ಎಂದು ಅವರು ಮೂಲಬಿಂದುವಿನಿಂದ ಹಂತ ಹಂತವಾಗಿ ಇಳಿದು ಬರುತ್ತಾರಲ್ಲ, ಅದು ಸಿಆರ್‌ಎಸ್ ಅಲ್ಲದೆ ಮತ್ತೇನು? ನಿಖರತೆ ಸ್ವಲ್ಪ ಕಡಿಮೆ, ಒಪ್ಪುತ್ತೇನೆ. ಬೆಂಗಳೂರಿನಿಂದ ಗೋದಾವರಿಗೆ ಆರುನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಅಷ್ಟು ಅಗಲದ ದಂಡೆ ಯಾವ ನದಿಗೂ ಇರಲಾರದು. ಆದರೆ ದೇವರು ಮನೆ ಹುಡುಕಿಕೊಂಡು ಬರುತ್ತಾನೆ, ನಮ್ಮ ಇಂಜಿನಿಯರು ಬರುವುದಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಪುರೋಹಿತರು ಜಂಬೂದ್ವೀಪವನ್ನು ಬಿಟ್ಟು ಕ್ರೌಂಚದ್ವೀಪ ಎನ್ನುವುದುಂಟು. ನ್ಯಾಯವೇ. ಅವರು ವಿಮಾನ ಹತ್ತಿ ಹೋದ ಮೇಲೆ ಹೆಸರು ಬದಲಿಸಿದರು. ನಮ್ಮ ಕಸುಬಿನ ಹೊಸ ಹುಡುಗರು ಹಾಗಲ್ಲ, ಕೂತಲ್ಲೇ ಕೂತು ಬಸವನಗುಡಿಯಲ್ಲಿ ಕ್ರೌಂಚದ್ವೀಪ ಎಂದುಬಿಡುತ್ತಾರೆ. ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರಿನಲ್ಲಿ ಸಿಆರ್‌ಎಸ್ ಬದಲಿಸಲು ಬೇರೆ ಬೇರೆ ಎರಡು ಗುಂಡಿಗಳಿವೆ. ‘ಸೆಟ್’ ಎಂಬುದು ಚೀಟಿ ಮಾತ್ರ ಬದಲಿಸುತ್ತದೆ, ಒಳಗಿನ ಅಂಕಿ ಒಂದೂ ಅಲುಗುವುದಿಲ್ಲ. ‘ರೀಪ್ರಾಜೆಕ್ಟ್’ ಎಂಬುದು ಪ್ರತಿ ಬಿಂದುವನ್ನೂ ಲೆಕ್ಕ ಹಾಕಿ ಹೊಸ ಜಾಗಕ್ಕೆ ಒಯ್ಯುತ್ತದೆ. ಮೊದಲನೆಯದನ್ನು ಒತ್ತಿ ಎರಡನೆಯದರ ಫಲ ಬಯಸುವವರಿಂದಲೇ ನಮ್ಮಂಥವರ ಹೊಟ್ಟೆ ತುಂಬುತ್ತಿದೆ.

ಇರುವ ಸಾವಿರಾರು ಸಿಆರ್‌ಎಸ್‌ಗಳೇ ಸಾಲದೆ, ಸ್ವಂತದ್ದೊಂದು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಬೆಂಗಳೂರಿನಿಂದ ಕೋಲಾರಕ್ಕೆ ಹೋಗಿ ನೋಡಿ ಎನ್ನುತ್ತೇನೆ. ಭೂಮಿಯನ್ನು ಆರಾರು ಡಿಗ್ರಿಯ ತೊಳೆಗಳಾಗಿ ಬಿಡಿಸಿ, ಒಂದೊಂದನ್ನೂ ಚಪ್ಪಟೆ ಮಾಡುವ ಪದ್ಧತಿಗೆ ಯುಟಿಎಂ ಎಂದು ಹೆಸರು. ಕರ್ನಾಟಕದ ಬಹುಪಾಲು 43ನೇ ತೊಳೆ. ಆದರೆ 78ನೇ ರೇಖಾಂಶ ಹೊಸಕೋಟೆಗೂ ಕೋಲಾರಕ್ಕೂ ನಡುವೆ ಹಾದುಹೋಗುತ್ತದೆ, ಅದರಾಚೆಗೆ 44. ಆ ಗೆರೆಯ ಈಚೆ ನಿಂತವರ ಪೂರ್ವದ ಅಂಕಿ ಸುಮಾರು 8,25,000 ಮೀಟರ್, ಒಂದು ಹೆಜ್ಜೆ ಆಚೆ ಇಟ್ಟರೆ 1,75,000ದ ಆಸುಪಾಸು. ಮೂಡಲಿಗೆ ಹೊರಟ ಬಸ್ಸು ಚಾಲಕನಿಗೂ ತಿಳಿಯದಂತೆ ಆರುನೂರೈವತ್ತು ಕಿಲೋಮೀಟರ್ ಪಡುವಲಿಗೆ ನೆಗೆದಿರುತ್ತದೆ. ಕಂಡಕ್ಟರ್ ಟಿಕೆಟ್ ಹಣ ವಾಪಸು ಕೊಡುವುದಿಲ್ಲ.

ಇನ್ನೊಂದು ತೊಡಕು ಹಣದ್ದು. ಗುಂಡಗಿನದನ್ನು ಚಪ್ಪಟೆ ಮಾಡಿದರೆ ಎಲ್ಲೋ ಎಳೆಯಬೇಕು, ಎಲ್ಲೋ ಕುಗ್ಗಿಸಬೇಕು. 43ನೇ ತೊಳೆಯ ನಡುಗೆರೆ 75 ಡಿಗ್ರಿ. ಅದರ ಹತ್ತಿರವಿರುವ ಮಂಗಳೂರು, ಉಡುಪಿಯವರಿಗೆ ಕಿಲೋಮೀಟರಿಗೆ ಸುಮಾರು 40 ಸೆಂಟಿಮೀಟರ್ ಖೋತಾ. ನಡುಗೆರೆಯಿಂದ ದೂರವಿರುವ ಬೆಂಗಳೂರಿಗೆ 57 ಸೆಂಟಿಮೀಟರ್ ಲಾಭ. ಲಾಭವೂ ನಷ್ಟವೂ ಇಲ್ಲದ ಗೆರೆ ಎಲ್ಲಿ ಹಾಯುತ್ತದೆಂದು ಹುಡುಕಿದರೆ, ಹೆಚ್ಚುಕಮ್ಮಿ ಮೈಸೂರಿನ ಮೇಲೆ! ಮೈಸೂರಿನವರ ನೆಮ್ಮದಿಗೆ ಭೂಮಿತಿಯ ಬೆಂಬಲವೂ ಇದೆಯೆಂದು ಆವತ್ತು ಗೊತ್ತಾಯಿತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವುದರಿಂದ ಆ ಲಾಭದಲ್ಲಿ ಹದಿಮೂರು-ಹದಿನಾಲ್ಕು ಸೆಂಟಿಮೀಟರ್ ವಜಾ. ಉಳಿದದ್ದನ್ನು ಮೂವತ್ತು-ನಲವತ್ತರ ಸೈಟಿಗೆ ಹಾಕಿ ನೋಡಿದರೆ ಸುಮಾರು ಒಂದು ಚದರಡಿ ಹೆಚ್ಚು ಬರುತ್ತದೆ. ನಕ್ಷೆಯಲ್ಲಿ ಮಾತ್ರ ಇರುವ, ನೆಲದ ಮೇಲೆ ಇಲ್ಲದ ಆ ಚದರಡಿಗೆ ಬೆಂಗಳೂರಿನಲ್ಲಿ ರೇಟು ಹೇಳುವವರು ಖಂಡಿತ ಸಿಗುತ್ತಾರೆ.

ಆದ್ದರಿಂದ ಕೋಲಾರದ ರಸ್ತೆಯಂಥ ಕೆಲಸಕ್ಕೆ ನಮ್ಮದೇ ಒಂದು ಸಿಆರ್‌ಎಸ್ ಮಾಡಿಕೊಳ್ಳುತ್ತೇವೆ. ಸೆಟ್ಟಿಂಗ್ಸ್ ಮೆನುವಿನಲ್ಲಿ ಕಸ್ಟಮ್ ಪ್ರಾಜೆಕ್ಷನ್ ಎಂಬಲ್ಲಿಗೆ ಹೋಗಿ ಒಂದು ಸಾಲು ಬರೆದರೆ ಮುಗಿಯಿತು. ಬಾಯಿಬಿಟ್ಟು ಓದಿದರೆ ಹೀಗಿರುತ್ತದೆ: ಪ್ಲಸ್ ಪ್ರಾಜ್ ಟಿಮರ್ಕ್, ಪ್ಲಸ್ ಲ್ಯಾಟ್ ಝೀರೋ 13, ಪ್ಲಸ್ ಲಾನ್ ಝೀರೋ 77.85, ಪ್ಲಸ್ ಕೆ 1.00013, ಪ್ಲಸ್ ಎಕ್ಸ್ ಝೀರೋ 50000, ಪ್ಲಸ್ ವೈ ಝೀರೋ 50000, ಪ್ಲಸ್ ಡೇಟಮ್ ಡಬ್ಲ್ಯುಜಿಎಸ್ 84, ಪ್ಲಸ್ ಯೂನಿಟ್ಸ್ ಎಂ, ಪ್ಲಸ್ ನೋ ಡೆಫ್ಸ್. ನಡುಗೆರೆಯನ್ನು ಕೋಲಾರದ ರಸ್ತೆಗೇ ಎಳೆದು ತಂದಾಯಿತು. ‘ಕೆ’ ಎಂಬುದು ಎತ್ತರದ ಪರಿಹಾರ. ಆ ಐವತ್ತು ಸಾವಿರಗಳು ಅಂಕಿಗೆ ಮೈನಸ್ ಬಾರದಿರಲೆಂದು. ಕೊನೆಯ ‘ನೋ ಡೆಫ್ಸ್’ಗೆ ಈಗ ಅಂಥ ಕೆಲಸವೇನೂ ಇಲ್ಲ, ಆದರೂ ಎಲ್ಲರೂ ಹಾಕುತ್ತಾರೆ. ಹಾಕದೆ ಬಿಡಲು ನನಗೂ ಧೈರ್ಯವಿಲ್ಲ.

ನಾನಿದನ್ನು ಟೈಪು ಮಾಡುವಾಗ ಹಿಂದೆ ನಿಂತಿದ್ದವರು, ಗ್ರಾಮನಕ್ಷೆಗಳ ಕೆಲಸಕ್ಕೆ ಸಲಹೆ ಕೊಡಲು ಬರುವ ನಿವೃತ್ತ ಸರ್ವೆಯರ್ ಒಬ್ಬರು. ಮೂವತ್ತಮೂರು ಅಡಿಯ ಚೈನು ಎಳೆದು ಸವೆದ ಕೈ. ಮೈಲಿಗೆ ಎಂಟು ಅಂಗುಲದ ಹಳೆಯ ಗ್ರಾಮನಕ್ಷೆಯನ್ನು ಮೇಜಿನ ಮೇಲೆ ಹರಡಿ, ಮೂರೂರ ಗಡಿ ಕೂಡುವ ಕಲ್ಲಿನ ಗುರುತಿನ ಮೇಲೆ ಬೆರಳಿಟ್ಟರೆಂದರೆ ಉಳಿದ ಸರ್ವೆ ನಂಬರುಗಳೆಲ್ಲ ತಾವಾಗಿ ಸಾಲಿಗೆ ಬರುತ್ತವೆ.

“ಅಲ್ಲಮ್ಮಾ, ಈ ಸ್ಯಾಟಲೈಟು ಎಲ್ಲಿಂದ ಅಳೀತದೆ?”

“ಭೂಮಿಯ ಕೇಂದ್ರದಿಂದ, ಸಾರ್.”

“ಅಲ್ಲಿ ಬಾಂದುಕಲ್ಲು ಹಾಕವ್ರಾ?”

ಇಲ್ಲ ಎಂದೆ. ಅವರ ಮುಖದಲ್ಲಿ ಸ್ಯಾಟಲೈಟಿನ ಅಳತೆಗೆ ಆಧಾರವಾದ ಡಬ್ಲ್ಯುಜಿಎಸ್ 84ರ ಬೆಲೆ ಅಲ್ಲಿಗೆ ಇಳಿಯಿತು. ನಮ್ಮ ಹಳೆಯ ಸರ್ವೆಗಳು ಹಾಗಿರಲಿಲ್ಲ ಎಂಬುದು ಅವರ ವಾದ, ಅದು ಸುಳ್ಳೂ ಅಲ್ಲ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ನೆಲದ ಮೇಲೆ ನೂರಡಿಯ ಉಕ್ಕಿನ ಸರಪಳಿ ಹಾಸಿ ಆಧಾರರೇಖೆ ಅಳೆದ. ಆ ಸರಪಳಿ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅವನು ಬೇಡವೆಂದ ಮೇಲೆ ಕಲ್ಕತ್ತೆಗೆ ಬಂದದ್ದು. ಚಕ್ರವರ್ತಿ ಒಲ್ಲೆನೆಂದದ್ದು ನಮ್ಮ ರಾಗಿ ಹೊಲಗಳಿಗೆ ಒದಗಿತು. ಮುಂದೆ ಜಾರ್ಜ್ ಎವರೆಸ್ಟ್ ಭೂಮಿಗೆ 1830ರಲ್ಲಿ ಒಂದು ಆಕಾರ ನಿಗದಿ ಮಾಡಿದ. ದೇಶದ ಹಳೆಯ ಟೋಪೋಶೀಟುಗಳ ಲೆಕ್ಕವೆಲ್ಲ ಮಧ್ಯಪ್ರದೇಶದ ಕಲಿಯಾನ್‌ಪುರ ಗುಡ್ಡದಿಂದ. ಅಲ್ಲಿ ಕಾಲಿಟ್ಟು ನಿಲ್ಲಬಹುದಾದ ನೆಲವಿದೆ. ಈಗಿನ ಲೆಕ್ಕದಲ್ಲಿ ಸಮಭಾಜಕದ ಬಳಿ ಭೂಮಿಯ ಅರೆವ್ಯಾಸ ಎವರೆಸ್ಟನದಕ್ಕಿಂತ 861 ಮೀಟರ್ ದೊಡ್ಡದು. ಹಳೆಯ ಶೀಟನ್ನು ಹೊಸ ಚೀಟಿ ಅಂಟಿಸಿ ತೆರೆದರೆ, ನಮ್ಮ ಕಡೆ ಊರ ಬಾವಿ ನೂರು ಮೀಟರಿಗೂ ಹೆಚ್ಚು ಜರುಗಿ ಬೇರೆಯವರ ತೋಟದಲ್ಲಿ ನೀರು ಕೊಡುತ್ತದೆ.

“ಸರಿ, ನಿಮ್ಮದರ ಮೂಲ ಎಲ್ಲಿ?” ಎಂದರು.

13 ಡಿಗ್ರಿ ಉತ್ತರ, 77.85 ಪೂರ್ವ ಎಂದರೆ ಹೊಸಕೋಟೆ, ಮಾಲೂರುಗಳ ನಡುವೆ. ಉಪಗ್ರಹ ಚಿತ್ರ ಹಿಗ್ಗಿಸಿ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

“ಇದು ಯಾರದೋ ಹಿಡುವಳಿ ಇದ್ದಂಗದೆ. ಅವರಿಗೆ ನೋಟಿಸು ಕೊಟ್ಟಿದ್ದೀರಾ?”

“ಕಲ್ಲೇನೂ ನೆಡೋದಿಲ್ಲ ಸಾರ್, ಲೆಕ್ಕಕ್ಕೆ ಮಾತ್ರ.”

“ಲೆಕ್ಕಕ್ಕೇ ಅಲ್ವೇನಮ್ಮ ಜಗಳ ಆಗೋದು? ಹೋಗ್ಲಿ, ಚೆಕ್ಕುಬಂದಿಯಾದರೂ ಬರೀರಿ.”

ಬರೆಯಲು ಜಾಗವೆಲ್ಲಿ? ಸಾಫ್ಟ್‌ವೇರು ಕೇಳುವುದು ಹೆಸರು ಮಾತ್ರ. ಜನ ಅಲ್ಲಿ ‘ಟೆಸ್ಟ್’, ‘ನ್ಯೂ’, ‘ಫೈನಲ್ 2’ ಎಂದು ತುಂಬುವುದನ್ನು ಕಂಡಿದ್ದೆ. ಹಿರಿಯರು ಹೇಳುತ್ತ ಹೋದರು, ನಾನು ಆ ಖಾನೆಯಲ್ಲೇ ಟೈಪು ಮಾಡಿದೆ: ಪೂರ್ವಕ್ಕೆ ನೀಲಗಿರಿ ತೋಪು, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಬೇರೆಯವರ ಬಾಬ್ತು. ಸಾಫ್ಟ್‌ವೇರು ತಕರಾರಿಲ್ಲದೆ ನುಂಗಿ, ‘ಯೂಸರ್ 100000’ ಎಂದು ನಂಬರು ಕೊಟ್ಟಿತು. ಫೈಲು ಹೋದ ಕಚೇರಿಯಿಂದ ವಾರದೊಳಗೆ ಫೋನು ಬಂತು. ಅಂಕಿಗಳ ಬಗ್ಗೆ ಚಕಾರವಿಲ್ಲ. ಉತ್ತರದ ಹಳ್ಳ ಸರ್ಕಾರಿ ಖರಾಬೋ ಖಾಸಗಿಯೋ ಎಂದು ಕೇಳಿದರು.