ಫೇರೋನ ಕ್ಯೂ

ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನಲ್ಲಿ ಫ್ರೈಸ್ ಎಲೆಕ್ಟ್ರಾನಿಕ್ಸ್ ಎಂಬ ಅಂಗಡಿಯಿತ್ತು. ಪ್ರಾಚೀನ ಈಜಿಪ್ಟಿನ ವೇಷ. ಫೇರೋಗಳ ಕಣ್ಗಾವಲಿನಲ್ಲಿ ಕೀಬೋರ್ಡು, ಕೇಬಲ್ಲಿನ ವ್ಯಾಪಾರ. ಆದರೆ ನನ್ನ ಪಾಲಿನ ವಿಸ್ಮಯ ಅಲ್ಲಿನ ಬಿಲ್ಲಿಂಗ್ ಸಾಲು. ಕೌಂಟರ್ ಹಲವು, ಸಾಲು ಒಂದೇ. ಮೊದಲು ಬಂದವನಿಗೇ ಮೊದಲ ಸರದಿ. ಬೇರೆ ಅಂಗಡಿಗಳಲ್ಲಿ ನಾನು ಸೇರಿದ ಸಾಲಿನಲ್ಲೇ ಅಜ್ಜಿಯೊಬ್ಬರು ಪರ್ಸಿನ ತಳದಿಂದ ಕೂಪನ್ ಹೆಕ್ಕಲು ಶುರುಮಾಡುತ್ತಾರೆ. ಪಕ್ಕದ ಸಾಲು ಸರಸರ ಸಾಗುತ್ತದೆ. ಫ್ರೈಸ್‌ನಲ್ಲಿ ಆ ಹೊಟ್ಟೆಯುರಿಯೇ ಇರಲಿಲ್ಲ.

ಇದ್ದದ್ದು ಹಸಿವು. ಆ ಧರ್ಮರಾಯನ ಸಾಲಿನ ಇಕ್ಕೆಲದಲ್ಲೂ ಚಾಕೊಲೇಟು, ಚಿಪ್ಸು, ಬ್ಯಾಟರಿ. ಬೇಡವೆಂದು ಬಲಕ್ಕೆ ತಿರುಗಿದರೆ ಬಾದಾಮಿ, ಎಡಕ್ಕೆ ತಿರುಗಿದರೆ ಬಿಸ್ಕತ್ತು.

"ರೀ, ಮೌಸ್ ತರ್ತೀನಿ ಅಂತ ಹೋದೋರು ಇಲಿಗೆ ಹಬ್ಬದೂಟಾನೇ ತಂದಿದ್ದೀರಲ್ಲ!" ಎಂದಳು ಮನೆಯವಳು.

ಊರಿನಿಂದ ಬಂದಿದ್ದ ಅಮ್ಮನಿಗೆ ಇದೇನೂ ಹೊಸದೆನಿಸಲಿಲ್ಲ. "ನಮ್ಮ ಶೆಟ್ಟರು ಪೆಪ್ಪರ್‌ಮೆಂಟ್ ಬಾಟಲಿಗಳನ್ನ ಗಲ್ಲಾಪೆಟ್ಟಿಗೆ ಪಕ್ಕ, ನಿನ್ನ ಮೂಗಿನ ನೇರಕ್ಕೆ ಇಡ್ತಿರಲಿಲ್ವೇನೋ?" ಹೌದು, ಚಿಲ್ಲರೆ ಇಲ್ಲವೆಂದು ಎರಡು ಕೈಗೂ ತುರುಕುತ್ತಿದ್ದರು.

ಹತ್ತಿರದ ಬರ್ಕ್ಲಿ ನಗರ ಮಾತ್ರ ಗುಟುರು ಹಾಕಿತು. ದೊಡ್ಡ ದಿನಸಿ ಅಂಗಡಿಗಳ ಕೌಂಟರ್ ಬಳಿ ಸಕ್ಕರೆ ತುಂಬಿದ ತಿಂಡಿ ಇಡಬಾರದೆಂದು 2020ರಲ್ಲೇ ಕಾನೂನು ಮಾಡಿತು. ಅಮೆರಿಕದಲ್ಲಿ ಇಂಥದ್ದು ಅದೇ ಮೊದಲು.

ಅದೇ ವರ್ಷ ಕ್ಯಾಂಪ್‌ಬೆಲ್‌ನ ಫೇರೋ ಬಾಗಿಲು ಹಾಕಿದ. ಈಗ ಮೌಸ್ ಆನ್‌ಲೈನಿನಲ್ಲಿ ತರಿಸುತ್ತೇನೆ. ಹಣ ಕಟ್ಟುವ ಮುಂಚೆ ಪರದೆ ಮೆಲ್ಲಗೆ ಕೇಳುತ್ತದೆ: "ಇದರ ಜೊತೆಗೆ ಇನ್ನೇನಾದರೂ?"