ಕೊಲೆ ಮಾಫಿ, ತೆರಿಗೆ ಬಾಕಿ

ಕಾನೂನು ಕಾಪಾಡುವವನಿಗೆ ಮೊದಲು ಬೇಕಾದದ್ದು ಒಬ್ಬ ಒಳ್ಳೆಯ ದರ್ಜಿ. ಈ ಪರಮಸತ್ಯವನ್ನು ಲೋಕಕ್ಕೆ ಸಾರಿದ್ದು ಬ್ರಯಾನ್ ಡಿ ಪಾಲ್ಮಾ ನಿರ್ದೇಶನದ ‘ದಿ ಅನ್‌ಟಚಬಲ್ಸ್’ (1987). 1930ರ ಷಿಕಾಗೋದಲ್ಲಿ ಕಳ್ಳಭಟ್ಟಿಯವರ ಬೆನ್ನು ಹತ್ತಿದ ಪಾನನಿಷೇಧ ಅಧಿಕಾರಿಗಳು ಇಲ್ಲಿ ಅರ್ಮಾನಿ ಉಡುಪಿನಲ್ಲಿ ಓಡಾಡುತ್ತಾರೆ. ಎಷ್ಟು ಗುಂಡು ಹಾರಿದರೂ ಇಸ್ತ್ರಿ ಕೆಡುವುದಿಲ್ಲ. ಹಿಂದಿನಿಂದ ಎನಿಯೊ ಮೊರಿಕೋನೆ ಸಂಗೀತ ಬೇರೆ. ಆ ಸಂಗೀತವಿದ್ದರೆ ಪಂಚನಾಮೆ ಬರೆಯುವುದೂ ವೀರಗಾಥೆಯೇ. ಐರಿಷ್ ಮೂಲದ ಪೊಲೀಸನಾಗಿ ಅಪ್ಪಟ ಸ್ಕಾಟ್ಲೆಂಡ್ ಉಚ್ಚಾರಣೆಯಲ್ಲಿ ಮಾತಾಡಿದ ಶಾನ್ ಕಾನರಿಗೆ ಆಸ್ಕರ್ ಕೂಡ ಬಂತು.

ಖಳನೇನು ಕಡಿಮೆಯೇ? ಕಳ್ಳಭಟ್ಟಿ ದೊರೆ ಅಲ್ ಕಪೋನ್‌ನ ಪಾತ್ರಕ್ಕಾಗಿ ರಾಬರ್ಟ್ ಡಿ ನೀರೋ, ಕಪೋನ್‌ಗೆ ಬಟ್ಟೆ ಒದಗಿಸುತ್ತಿದ್ದ ಅಂಗಡಿಯಿಂದಲೇ ರೇಷ್ಮೆಯ ಒಳ ಉಡುಪು ತರಿಸಿಕೊಂಡರಂತೆ. ತೆರೆಯ ಮೇಲೆ ಅದು ಕಾಣುವುದೇ ಇಲ್ಲ. ಚಿತ್ರದ ಇತಿಹಾಸನಿಷ್ಠೆಯೂ ಅಷ್ಟೇ: ಒಳಗೆಲ್ಲೋ ಇದೆ, ಕಣ್ಣಿಗೆ ಬೀಳದು.

ಚಿತ್ರದ ನಾಯಕ ಎಲಿಯಟ್ ನೆಸ್, ಕಪೋನ್‌ನ ಬಂಟ ಫ್ರ್ಯಾಂಕ್ ನಿಟ್ಟಿಯನ್ನು ನ್ಯಾಯಾಲಯದ ಮಾಳಿಗೆಯಿಂದ ಕೆಳಕ್ಕೆ ತಳ್ಳಿ ಸಾಯಿಸುತ್ತಾನೆ. ನಿಜವಾದ ನಿಟ್ಟಿ ತೆರಿಗೆ ತಪ್ಪಿಸಿದ್ದಕ್ಕೆ ಜೈಲಿಗೆ ಹೋಗಿಬಂದು, ಗ್ಯಾಂಗಿನ ಯಜಮಾನಿಕೆ ನಡೆಸಿ, 1943ರಲ್ಲಿ ತನ್ನ ಕೈಯಾರೆ ಗುಂಡು ಹಾರಿಸಿಕೊಂಡ. ನಿಜವಾದ ನೆಸ್ ಬಿಯರ್ ಕಾರ್ಖಾನೆಗಳ ಬಾಗಿಲು ಒಡೆದದ್ದು ಹೌದು. ಪಾನನಿಷೇಧ ಉಲ್ಲಂಘನೆಯ ಐದು ಸಾವಿರ ಆರೋಪಗಳೂ ಸಿದ್ಧವಾದವು. ಅವುಗಳಲ್ಲಿ ಒಂದೂ ವಿಚಾರಣೆಗೆ ಬರಲಿಲ್ಲ.

ಚಿತ್ರದಲ್ಲಿ ಆಸ್ಕರ್ ವ್ಯಾಲೇಸ್ ಎಂಬ ಕನ್ನಡಕದ ಲೆಕ್ಕಿಗನಿದ್ದಾನೆ. ಕಪೋನ್‌ನನ್ನು ತೆರಿಗೆಯಲ್ಲಿ ಸಿಕ್ಕಿಸಬಹುದು ಎನ್ನುವ ಬುದ್ಧಿ ಅವನದೇ. ಇಂಥವನನ್ನು ಎರಡು ಗಂಟೆ ಸಹಿಸಲು ಪ್ರೇಕ್ಷಕನೇನು ಪಾಪ ಮಾಡಿದ್ದಾನೆ? ಅವನ ಕೈಗೂ ಬಂದೂಕು ಕೊಟ್ಟು, ಕೆನಡಾ ಗಡಿಯಲ್ಲಿ ಓಡಾಡಿಸಿ, ನಡುದಾರಿಯಲ್ಲಿ ಲಿಫ್ಟಿನೊಳಗೆ ಮುಗಿಸಿಬಿಡುತ್ತಾರೆ. ಮುಂದೆ ಯೂನಿಯನ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಮಗುವಿನ ಗಾಡಿ ಉರುಳುವ ದೃಶ್ಯ. ಐಸೆನ್‌ಸ್ಟೈನ್‌ನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ನಿಂದ ತಂದ ಕಡ. ಅಷ್ಟೊಂದು ಹೆಣ ಬೀಳುವುದು ಯಾರಿಗಾಗಿ? ಕಪೋನ್‌ನ ಲೆಕ್ಕ ಬರೆಯುವ ಗುಮಾಸ್ತನಿಗಾಗಿ! ಇದ್ದ ಲೆಕ್ಕಿಗನನ್ನು ಸಾಯಿಸಿ, ಇನ್ನೊಬ್ಬನನ್ನು ಹಿಡಿಯಲು ಯುದ್ಧ.

ನಿಜದ ಲೆಕ್ಕಿಗ, ತೆರಿಗೆ ಇಲಾಖೆಯ ಫ್ರ್ಯಾಂಕ್ ವಿಲ್ಸನ್, ಹೀಗೆ ಅಗ್ಗವಾಗಿ ಸಾಯಲಿಲ್ಲ. 1926ರಲ್ಲಿ ಷಿಕಾಗೋ ಪಕ್ಕದ ಸಿಸೆರೋದಲ್ಲಿದ್ದ ಕಪೋನ್‌ನ ಜೂಜುಕಟ್ಟೆಯ ಮೇಲೆ ದಾಳಿಯಾದಾಗ ಸಿಕ್ಕಿ, ಧೂಳು ತಿನ್ನುತ್ತಿದ್ದ ಖಾತೆ ಪುಸ್ತಕವೊಂದನ್ನು ಹುಡುಕಿ ತೆಗೆದ. ಅಕ್ಷರ ಯಾರದೆಂದು ತಾಳೆ ನೋಡಿ, ಬರೆದವನನ್ನು ಸಾಕ್ಷಿಕಟ್ಟೆಗೆ ತಂದ. ಅಕ್ರಮ ಆದಾಯಕ್ಕೂ ತೆರಿಗೆ ಕಟ್ಟಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1927ರಲ್ಲೇ ಹೇಳಿತ್ತು. 1931ರ ಅಕ್ಟೋಬರ್‌ನಲ್ಲಿ ಕಪೋನ್‌ಗೆ 11 ವರ್ಷ ಸೆರೆ. ಕೊಲೆಗಲ್ಲ, ಹೆಂಡಕ್ಕೂ ಅಲ್ಲ, ತೆರಿಗೆಗೆ. ಆದರೆ ಕುರ್ಚಿಯಲ್ಲಿ ಕೂತು ಕೂಡುವ ಲೆಕ್ಕ ಮಾಡುವವನಿಗೆ ಯಾವ ದರ್ಜಿ ಸೂಟು ಹೊಲಿಯುತ್ತಾನೆ, ಯಾರು ತುತ್ತೂರಿ ಊದುತ್ತಾರೆ?

ಪಾನನಿಷೇಧ ಕಾನೂನಿನ ಚಂದವನ್ನೂ ನೋಡಬೇಕು. 1920ರ ಜನವರಿಯಿಂದ ಮದ್ಯ ತಯಾರಿಸುವುದು, ಸಾಗಿಸುವುದು, ಮಾರುವುದು ಅಪರಾಧ, ಕುಡಿಯುವುದು ಅಲ್ಲ. ವೈದ್ಯರ ಚೀಟಿ ತಂದವನಿಗೆ ವಿಸ್ಕಿ ಔಷಧಿ. ಹಾಗಾಗಿ ದೇಶದ ಬಾಯಾರಿಕೆ ಅಷ್ಟೇ ಉಳಿಯಿತು, ಮದ್ಯದ ಸುಂಕ ಮಾತ್ರ ಖಜಾನೆಗೆ ತಪ್ಪಿತು. 1929ರ ಷೇರುಪೇಟೆ ಕುಸಿತದಲ್ಲಿ ಉಳಿದ ಆದಾಯವೂ ಒಣಗಿದಾಗ ಸರ್ಕಾರಕ್ಕೆ ಜ್ಞಾನೋದಯವಾಯಿತು. ಹದಿಮೂರು ವರ್ಷ ಸಮಾಜ ಹಾಳುಮಾಡುತ್ತಿದ್ದ ಬಿಯರ್, 1933ರ ಏಪ್ರಿಲ್‌ನಲ್ಲಿ ಪೀಪಾಯಿಗೆ 5 ಡಾಲರ್ ಸುಂಕ ಕಟ್ಟಿ ಸಭ್ಯವಾಯಿತು. ಡಿಸೆಂಬರ್‌ನಲ್ಲಿ ನಿಷೇಧವೇ ರದ್ದು.

ಚಿತ್ರದ ಕೊನೆಯಲ್ಲಿ ಪತ್ರಕರ್ತನೊಬ್ಬ, ನಿಷೇಧ ರದ್ದಾದರೆ ಏನು ಮಾಡುತ್ತೀರಿ ಎಂದು ನೆಸ್‌ನನ್ನು ಕೇಳುತ್ತಾನೆ. ಒಂದು ಗುಟುಕು ಹಾಕುತ್ತೇನೆ ಎನ್ನುತ್ತಾನೆ ನಾಯಕ. ಹಾಗಾದರೆ ಅಷ್ಟು ಹೆಣ ಬಿದ್ದದ್ದು ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ. ಸೂಟು ಅಷ್ಟು ಚೆನ್ನಾಗಿರುತ್ತದೆ.

ದೇಶವೆಲ್ಲ ಕಾನೂನುಬದ್ಧವಾಗಿ ಲೋಟ ಎತ್ತಿದಾಗ ಕಪೋನ್ ಅಟ್ಲಾಂಟಾ ಜೈಲಿನಲ್ಲಿದ್ದ. ಪಾಪ, ಪೊಲೀಸರಿಗೆ ಮಾಮೂಲು ತಪ್ಪಿಸಿದವನಲ್ಲ, ರಾಜಕಾರಣಿಗಳಿಗೂ ತಪ್ಪಿಸಿದವನಲ್ಲ. ಸರ್ಕಾರಕ್ಕೂ ಒಂದು ಮಾಮೂಲು ಸಲ್ಲಬೇಕೆನ್ನುವುದು ಮಾತ್ರ ಅವನಿಗೆ ಹೊಳೆದಿರಲಿಲ್ಲ.