ಆರು ತಂತಿಯ ಪಿಓಎಚ್

ಅಮೆರಿಕದ ಕನ್ನಡ ಮನೆಗಳಲ್ಲಿ ಗಿಟಾರಿನ ಪಾಳಿ ಬರುವುದು ಮೂರನೆಯದಾಗಿ. ಮೊದಲು ಭರತನಾಟ್ಯ, ಗೆಜ್ಜೆ ಕಳೆದುಹೋಗುವ ತನಕ. ಆಮೇಲೆ ಕೀಬೋರ್ಡು, ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸುವ ತನಕ. ಇವೆರಡನ್ನೂ ಆರಿಸಿದವರು ಅಪ್ಪ-ಅಮ್ಮ. ಗಿಟಾರನ್ನು ಮಕ್ಕಳೇ ಆರಿಸಿಕೊಳ್ಳುತ್ತಾರೆ, ಅದಕ್ಕೇ ಉಳಿಯುತ್ತದೆ. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನ ನಮ್ಮ ಮನೆಯಲ್ಲೂ ಮಗಳದು ಉಳಿಯಿತು, ಉಳಿದು ಆರೈಕೆ ಕೇಳತೊಡಗಿತು. ಚಳಿಗಾಲಕ್ಕೆ ಹೀಟರ್ ಹಚ್ಚಿದರೆ ಗಾಳಿ ಒಣಗುತ್ತದೆ, ಗಾಳಿ ಒಣಗಿದರೆ ಮರ ಕುಗ್ಗಿ ಸೀಳು ಬಿಡುತ್ತದೆ. ಅದಕ್ಕೆ ಶೇಕಡಾ 45ರಿಂದ 55ರಷ್ಟು ತೇವ ಬೇಕಂತೆ. ಹೆಂಡತಿಯ ತುಟಿ ಒಡೆದು ವರ್ಷಗಳಾದರೂ ಬಾರದಿದ್ದ ತೇವದ ಯಂತ್ರ, ಗಿಟಾರಿಗೆ ಬೇಕೆಂದ ವಾರದಲ್ಲಿ ಮನೆಗೆ ಬಂತು. ನಮ್ಮ ಹಿಮ್ಮಡಿಗಳೂ ಅದೇ ಪುಣ್ಯದಲ್ಲಿ ಬದುಕಿಕೊಂಡವು.

ಟ್ರಾಯ್‌ನ ಶಾಲೆಗಳಿಗೆ ರಜೆ ಬೀಳುವುದೂ ಹುಬ್ಬಳ್ಳಿಯ ನಮ್ಮ ಉಣಕಲ್‌ಗೆ ಮಳೆ ಹಿಡಿಯುವುದೂ ಒಂದೇ ಜೂನ್ ತಿಂಗಳಲ್ಲಿ. ಹೀಗಾಗಿ ಅಲ್ಲಿ ಒಣಗಬಾರದೆಂದು ಜೋಪಾನ ಮಾಡಿದ ಗಿಟಾರು ಇಲ್ಲಿ ನೆನೆಯಬಾರದೆಂಬ ಹೊಸ ಚಿಂತೆಯೊಂದಿಗೆ ವಿಮಾನ ಹತ್ತಿತು. ಅವ್ವನ ಚಿಂತೆ ಬೇರೆ: "ಅಷ್ಟ ದೊಡ್ಡ ಪೆಟಿಗ್ಯಾಗ ಬರೇ ಒಂದ ಸಾಮಾನ ಹಾಕ್ಕೊಂಡ ಬರ್ತೀರೇನು?"

ಬಂದ ಮೇಲೆ ನೋಡಲು ಬಂದವರ ಮಾತೊಂದೇ. "ಬೇಂದ್ರೆ ಅಜ್ಜಗ ನಾಕುತಂತಿಗೇ ಜ್ಞಾನಪೀಠ ಬಂತು. ನಿನಗ ಆರು ಅದಾವ, ಏನ್ ಬರತೈತಿ ನೋಡೂಣು!" 1973ರ ಪ್ರಶಸ್ತಿ ಇನ್ನೂ ಈ ಪರಿ ಉಪಯೋಗಕ್ಕೆ ಬರುತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಧಾರವಾಡದ ಅತ್ತಿಯಿಂದ ಹಿಡಿದು ಹಾಲು ಹಾಕುವವನ ತನಕ ಎಲ್ಲರೂ ಅದನ್ನು ತಾವೇ ಈಗ ಹೊಳೆಯಿಸಿಕೊಂಡವರ ಹಾಗೆ ಹೇಳಿ ನಕ್ಕರು. ಮಗಳು ಮೊದಲ ಸಲ ಪೂರ್ತಿ ನಕ್ಕಳು. ಕೊನೆಕೊನೆಗೆ ಬಂದವರು ಚಪ್ಪಲಿ ಬಿಡುವಾಗಲೇ ನಕ್ಕು ಮುಗಿಸುತ್ತಿದ್ದಳು.

ತಂತಿ ಹರಿದದ್ದು ಒಂದು ಮಳೆಯ ಸಂಜೆ. ವಿಮಾನಕ್ಕೆಂದು ಸಡಿಲ ಬಿಟ್ಟಿದ್ದನ್ನು ಬಿಗಿದು, ಉಣಕಲ್ ಕೆರೆಯ ಕಡೆಯಿಂದ ಬೀಸುವ ಹಸಿ ಗಾಳಿಯಲ್ಲಿ ನಾಲ್ಕು ದಿನ ಬಾರಿಸಿದ್ದೇ ಸೈ, ಎಲ್ಲಕ್ಕಿಂತ ತೆಳ್ಳಗಿನದು ಗೂಟದ ಬುಡದಲ್ಲಿ ಪಟ್ಟೆಂದಿತು. ಅಪ್ಪ ಹೊರಗಿನಿಂದಲೇ ಕೇಳಿದರು.

"ಎಷ್ಟು ಹರದವು?"

"ಒಂದ, ಅಜ್ಜಾ. ಆದ್ರ ಆರೂ ಚೇಂಜ್ ಮಾಡಬೇಕು."

"ಹರದದ್ದು ಒಂದು, ಬದಲಸೂದು ಆರು. ಯಾವೂರ ಲೆಕ್ಕವಾ ಇದು?"

ಮಗಳ ಲೆಕ್ಕ ತಪ್ಪೇನಲ್ಲ. ಗಿಟಾರಿನ ಕೆಳಗಿನ ಎರಡು ತಂತಿ ಬರೀ ಉಕ್ಕು. ಉಳಿದ ನಾಲ್ಕಕ್ಕೆ ಉಕ್ಕಿನ ಮೇಲೆ ಕಂಚಿನ ಎಳೆ ಸುತ್ತಿರುತ್ತದೆ. ಬೆರಳಿನ ಬೆವರು, ಜಿಡ್ಡು ಆ ಸುತ್ತಿನ ಸಂದಿಯಲ್ಲಿ ಕೂತು ತಂತಿ ಭಾರವಾಗುತ್ತದೆ, ನಾದ ಮಬ್ಬಾಗುತ್ತದೆ. ಐದು ಮಬ್ಬಿನ ನಡುವೆ ಒಂದು ಹೊಸದು ಹಾಕಿದರೆ ಅದೊಂದೇ ಕಿರುಚುತ್ತದೆ. ಇದನ್ನೆಲ್ಲ ಆಕೆ ಸಮಾಧಾನದಿಂದ ಹೇಳಿದಳು. ಅಪ್ಪ ಕೇಳಿ, ತಮ್ಮ ಬ್ರಹ್ಮಾಸ್ತ್ರ ತೆಗೆದರು: "ಒಂದ ಹಲ್ಲ ಬಿತ್ತಂತ ಇದ್ದ ಹಲ್ಲೆಲ್ಲಾ ಕೀಳಿಸ್ತಾರೇನು?"

ಮನೆ ಗಪ್ಪಾಯಿತು. ಹೋದ ವರ್ಷ ಅವ್ವನ ಒಂದು ದವಡೆ ಹಲ್ಲು ನೋಯುತ್ತದೆಂದು ಕರೆದೊಯ್ದವರು ಅಪ್ಪನೇ. ಪೂರಾ ಸೆಟ್ ಹಾಕಿಸಿಕೊಂಡು ಬಂದಿದ್ದರು.

"ಕೀಳಿಸೀರಲ್ಲ," ಅಂದಳು ಅವ್ವ ಅಡಿಗೆಮನೆಯಿಂದ. "ನೀವೇ ಮುಂದ ನಿಂತು ಕೀಳಿಸೀರಿ."

ವಾದ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕಾಕಾ ಅಷ್ಟರಲ್ಲಿ ಮಳೆಯಲ್ಲೇ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿ ಪ್ಯಾಟಿಗೆ ಹೋಗಿ ಬಿಡಿ ತಂತಿಯೊಂದನ್ನು ತಂದೇ ಬಿಟ್ಟ. ಸ್ಟೀಲೋ ನೈಲಾನೋ ಎಂದು ಅಂಗಡಿಯಲ್ಲಿ ಕೇಳಿದರಂತೆ. "ಮಳಿಗಾಲ ಐತಿ, ನೈಲಾನ್ ಆದ್ರ ತುಕ್ಕ ಹಿಡಿಯಂಗಿಲ್ಲ" ಎಂದು ನೈಲಾನ್ ತಂದಿದ್ದ. ಈ ಮಾತಿಗೆ ಯಾವ ತರ್ಕಶಾಸ್ತ್ರದಲ್ಲೂ ಉತ್ತರವಿಲ್ಲ. ಉಕ್ಕಿನ ತಂತಿಗೆಂದು ಮಾಡಿದ ಗಿಟಾರಿಗೆ ಅದು ಕೂರುವುದಿಲ್ಲ ಅನ್ನುವುದು ಬೇರೆ. ತಂತಿ ಹಿತ್ತಲಿನ ಮಲ್ಲಿಗೆ ಬಳ್ಳಿ ಕಟ್ಟಲು ಹೋಯಿತು, ಕಾಕಾನ ಮರ್ಯಾದೆ ಉಳಿಯಿತು.

ಆಗ ಮಗಳು ಗಿಟಾರಿನ ಪೆಟ್ಟಿಗೆ ತೆರೆದಳು. ಅದರ ಕುತ್ತಿಗೆ ಕೂರುವ ಜಾಗದಡಿ ಮುಚ್ಚಳವಿರುವ ಪುಟ್ಟ ಗೂಡೊಂದಿದೆ. ಹೊಸ ತಂತಿಯ ಸೆಟ್ಟನ್ನು ಅಲ್ಲೇ ಇಟ್ಟುಕೊಂಡು ಬಂದಿದ್ದಳು. ಗೂಡು ತೆಗೆದರೆ ಮೊದಲು ಹೊರಬಂದದ್ದು ಶೇಂಗಾ ಚಟ್ನಿ ಪುಡಿಯ ಎರಡು ಪ್ಯಾಕೆಟ್. ನಾವು ಹೊರಡಲು ಇನ್ನೂ ತಿಂಗಳಿತ್ತು, ಅವ್ವ ಆಗಲೇ ಜಾಗ ಹಿಡಿದಿದ್ದಳು. "ಅಳತಿ ಮಾಡಿಸಿದಂಗ ಕುಂತಾವ ನೋಡು," ಅಂದಳು. ಕಂಚಿನ ತಂತಿಗಳಿಗೆ ಬೆಳ್ಳುಳ್ಳಿಯ ಘಮ ಹತ್ತಿತ್ತು.

"ಇದಕ್ಕೆಷ್ಟು?" ಅಪ್ಪ.

"ಹತ್ತೋ ಹನ್ನೆರಡೋ ಡಾಲರು," ಅಂದೆ. ಅಪ್ಪನ ತುಟಿ ಅಲ್ಲಾಡಿತು. ಹೊರನಾಡಿಗೆ ಮಕ್ಕಳನ್ನು ಕಳಿಸಿದವರಿಗೆ ಬರುವ ಗುಣಾಕಾರದ ರೋಗ ಅದು, ಮದ್ದಿಲ್ಲ. ಉತ್ತರ ಸಿಕ್ಕ ಮೇಲೆ ಮುಖ ಇನ್ನಷ್ಟು ಬಿಗಿಯಾಯಿತು.

ಕೊನೆಗೆ ಮಗಳೇ ಬೇಸತ್ತು ಅಂದಳು: "ಅಜ್ಜಾ, ಇದು ರಿಪೇರಿ ಅಲ್ಲ, ಮೇಂಟೆನೆನ್ಸ್."

ಅಪ್ಪ ತಲೆ ಎತ್ತಿದರು. "ಅಂದ್ರ? ಹರೀಲಿ, ಹರೀದೇ ಇರಲಿ, ಟೈಮ್ ಆದ ಕೂಡ್ಲೆ ಬದಲಸೂದೇನು?"

"ಹೌದು."

"ಹಂಗಂತ ಮದಲ ಹೇಳಬೇಕಿಲ್ಲೇನು? ಇದು ಪಿಓಎಚ್!"

ಅಪ್ಪ ನೌಕರಿ ಮಾಡಿದ್ದು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ, ಫಿಟ್ಟರ್ ಆಗಿ. ಪಿಓಎಚ್ ಅಂದರೆ ಪೀರಿಯಾಡಿಕ್ ಓವರ್‌ಹಾಲ್. ಗಡುವು ಬಂದ ಡಬ್ಬಿಗಳನ್ನು ಗಾಲಿಯಿಂದ ಬಿಡಿಸಿ, ಸವೆದದ್ದನ್ನು ಬದಲಿಸಿ, ಬಣ್ಣ ಹೊಡೆದು ಕಳಿಸುವ ಕೆಲಸ. ಸಂಗೀತದ ಹೆಸರಿನಲ್ಲಿ ಒಂದು ತಂತಿಗೂ ಒಪ್ಪದ ಮನುಷ್ಯ ರೈಲ್ವೆಯ ಹೆಸರಿನಲ್ಲಿ ಆರಕ್ಕೂ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಚಾರ್ಜೇ ತೆಗೆದುಕೊಂಡರು. ಪಡಸಾಲೆಯಲ್ಲಿ ಸಂಯುಕ್ತ ಕರ್ನಾಟಕ ಹಾಸಿದರು. ಹಳೆಯ ಹತಾರದ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಇಕ್ಕಳ ಹೊರಬಂದದ್ದು ನೋಡಿ ಮಗಳು ಗಿಟಾರನ್ನು ತಬ್ಬಿಕೊಂಡಳು.

ಇಕ್ಕಳ ಬೇಕಾಗಲಿಲ್ಲ. ತಂತಿಯ ಬುಡವನ್ನು ಹಿಡಿದಿಡುವ ಬೆಣೆಗಳನ್ನು ಎಬ್ಬಿಸಲು ಆಕೆಯ ಬಳಿ ಕಚ್ಚು ಇದ್ದ ಪ್ಲಾಸ್ಟಿಕ್ಕಿನ ಹಿಡಿಕೆಯಿತ್ತು. ಅದೇ ಹಿಡಿಕೆಯಿಂದ ಕೀಲಿಯನ್ನೂ ಗರಗರ ತಿರುವಬಹುದು. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಕೀಲಿ ಎಷ್ಟು ಸುತ್ತಿದರೆ ಗೂಟ ಒಂದು ಸುತ್ತು ಬರುತ್ತದೆ ಎಂದು ಎಣಿಸಿದರು. ಹದಿನೆಂಟು. "ವರ್ಮ್ ಗೇರ್! ಹಿಂದಕ್ಕ ಜಾರಂಗಿಲ್ಲ!" ಎಂದು ಇಡೀ ಓಣಿಗೆ ಕೇಳುವಂತೆ ಸಾರಿದರು. ಆಮೇಲೆ ಗ್ರೀಸು ಕೇಳಿದರು. ಕೊಡಲಿಲ್ಲ.

ಎಲ್ಲ ತಂತಿ ಒಮ್ಮೆಲೇ ಬಿಚ್ಚಬೇಕೋ ಒಂದೊಂದಾಗಿಯೋ ಎಂಬ ಪ್ರಶ್ನೆ ಗಿಟಾರು ಬಲ್ಲವರ ನಡುವೆಯೂ ಇದೆ. ಆರೂ ಸೇರಿ ಸುಮಾರು 70 ಕೆಜಿ ಜಗ್ಗುತ್ತಿರುತ್ತವೆ. ಆ ಭಾರ ಒಮ್ಮೆಲೇ ಹೋದರೆ ಕುತ್ತಿಗೆ ಅಲುಗೀತು ಎಂಬುದು ಒಂದು ಪಕ್ಷ. ಅರ್ಧ ತಾಸಿಗೆ ಏನೂ ಆಗುವುದಿಲ್ಲ, ಬಿಚ್ಚಿದರೆ ಕೆಳಗಿನ ಹಲಗೆ ಒರೆಸಬಹುದು ಎಂಬುದು ಇನ್ನೊಂದು. 70 ಕೆಜಿ ಎಂದು ಕೇಳಿದ್ದೇ ಅಪ್ಪ ಟಾರ್ಚ್ ತಂದು ಗಿಟಾರಿನ ತೂತಿನೊಳಗೆ ಬಿಟ್ಟರು. ಇಷ್ಟು ತೆಳು ಹಲಗೆ ಅಷ್ಟು ಭಾರ ಹೊರುವುದು ಹೇಗೆಂದು ನೋಡಬೇಕಿತ್ತು. ಹಲಗೆಯ ಹೊಟ್ಟೆಗೆ ಎಕ್ಸ್ ಆಕಾರದಲ್ಲಿ ಪಟ್ಟಿಗಳು. "ಬ್ರೇಸಿಂಗ್ ಕೊಟ್ಟಾರ!" ಅದು 1840ರ ದಶಕದಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ರೂಢಿಗೆ ತಂದ ಕಟ್ಟು ಎಂದು ಮಗಳು ಹೇಳಿದಾಗ ಅಪ್ಪ, "ರೈಲ್ವೆದವರನ್ನ ಕೇಳಿರಬೇಕು" ಅಂದರು. ಕುತ್ತಿಗೆಯೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳೂ ಇದೆಯೆಂದು ಗೊತ್ತಾದ ಮೇಲಂತೂ ಅದು ಅವರ ಪಾಲಿಗೆ ವಾದ್ಯವಾಗಿ ಉಳಿಯಲಿಲ್ಲ.

ಒಂದೊಂದಾಗಿ ಬಿಚ್ಚಿ ಹಾಕಿದರು. ಬೆಣೆಗಳು ಉಪ್ಪಿನಕಾಯಿ ಬಟ್ಟಲಲ್ಲಿ ಕೂತವು. ಗೂಟಕ್ಕೆ ಎರಡು-ಮೂರು ಸುತ್ತು, ಒಂದರ ಕೆಳಗೊಂದು, ಮೇಲೇರಬಾರದು. ಕತ್ತರಿಸಿದ ತುದಿಗಳು ಕಾಲಿಗೆ ಚುಚ್ಚಾವೆಂದು ಅವ್ವ ಗಾಬರಿಯಾದರೆ, ಅಪ್ಪ ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಚಾಪೆಯ ಮೇಲೆ ಆಡಿಸಿದರು. ಕಂಚಿಗೆ ಅದು ಕಚ್ಚುವುದಿಲ್ಲ, ಒಳಗಿನ ಉಕ್ಕಿಗೆ ಕಚ್ಚಿತು.

ಶ್ರುತಿಯ ಹೊತ್ತಿಗೆ ಓಣಿಯ ಸಂಗೀತದ ಅಕ್ಕೋರು ಬಂದರು. ಗಂಗೂಬಾಯಿ ಹಾನಗಲ್ ಹೆಸರಿನ ಗುರುಕುಲ ಇರುವ ಊರಿದು. ಇಲ್ಲಿ ತಂತಿ ಎಳೆದ ಸದ್ದಿಗೆ ಯಾರಾದರೂ ಬಂದೇ ಬರುತ್ತಾರೆ. ಮಗಳು ಫೋನಿನ ಮುಳ್ಳು ನೋಡಿ ಬಿಗಿಯುತ್ತಿದ್ದಳು. ಅಕ್ಕೋರು ಕಣ್ಣು ಮುಚ್ಚಿ ಕೇಳಿದರು. "ಸಾ–ಮ. ಮತ್ತ ಸಾ–ಮ. ಮತ್ತೊಂದು ಸಾ–ಮ. ಇದೇನು, ಸಾ–ಗ? ನಿನ್ನ ಫೋನ್ ಕೆಟ್ಟೈತಿ."

ಕೆಟ್ಟಿರಲಿಲ್ಲ. ಗಿಟಾರಿನ ಜಿ ಮತ್ತು ಬಿ ತಂತಿಗಳ ನಡುವಿನ ಅಂತರ ಮಾತ್ರ ಹಾಗೆಯೇ ಇರುವುದು, ಬೆರಳು ಕೂರಿಸಲು ಸುಲಭವಾಗಲೆಂದು.

"ಕೈಗೆ ತ್ರಾಸ ಆಗತೈತೆಂತ ಸ್ವರ ಬದಲಸ್ತಾರೇನು? ನಾವು ಕೈ ಬದಲಸ್ತೀವಿ," ಅಂದ ಅಕ್ಕೋರು, ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ತಂತಿಯ ಬುಡದಲ್ಲಿ ತೂರಿಸಿದರು. ತಂಬೂರಿಗೆ ಜೀವಾರಿ ಹೀಗೇ ಕೂಡಿಸುವುದು. ಅದರ ಕುದುರೆ ಅಗಲ, ಕೊಂಚ ಇಳಿಜಾರು. ಎಳೆ ಸರಿಸಿದರೆ ತಂತಿ ಅದರ ಮೈ ಸವರಿಕೊಂಡು ಝೇಂಕರಿಸುತ್ತದೆ. ಗಿಟಾರಿನದು ಅಂಚಿನಷ್ಟು ಸಣ್ಣ ಮೂಳೆಯ ಪಟ್ಟಿ, ತಂತಿ ಮೂಕಾಯಿತು. "ನಮ್ಮ ಕಡೆ ಹಂಗ ಝಂಯ್ ಅಂದ್ರ ರೊಕ್ಕ ಕೊಟ್ಟು ತಗಸ್ತೀವಿ," ಅಂದಳು ಮಗಳು. "ನಾವು ರೊಕ್ಕ ಕೊಟ್ಟು ಹಾಕಿಸ್ತೀವಿ," ಅಂದರು ಅಕ್ಕೋರು. ಇಬ್ಬರೂ ಒಬ್ಬರನ್ನೊಬ್ಬರು ಕನಿಕರದಿಂದ ನೋಡಿದರು. ಆದರೂ ತಂತಿ ವಿಷಯದಲ್ಲಿ ಹಟ ಸಲ್ಲದೆಂದು ಅಕ್ಕೋರೇ ಸಮಾಧಾನ ಹೇಳಿದರು. ಧಾರವಾಡದ ಸಿತಾರರತ್ನ ರಹಿಮತ್ ಖಾನರು ಸಿತಾರಿನ ತಂತಿಗಳ ಜೋಡಣೆಯನ್ನೇ ಬದಲಿಸಿದವರಲ್ಲವೇ? ಹೊರಡುವಾಗ ಮಾತ್ರ ಕಿಡಿ ಹಚ್ಚಿ ಹೋದರು: "ನನ್ನ ಮಿರಜ ತಂಬೂರಿದು ಒಂದ ಹರದ್ರ ಒಂದೇ ಹಾಕತೀನಪಾ."

ನಾವೆಲ್ಲ ಅಪ್ಪನನ್ನು ನೋಡಿದೆವು.

"ಅವರಿಗೆ ಪಿಓಎಚ್ ಗೊತ್ತಿಲ್ಲ," ಅಂದರು.

ತೆಗೆದ ತಂತಿಗಳನ್ನು ಟ್ರಾಯ್‌ನಲ್ಲಾದರೆ ಸುರುಳಿ ಮಾಡಿ ಕಸಕ್ಕೆ ಒಗೆಯುತ್ತೇವೆ. ಇಲ್ಲಿ ಅವ್ವ ಎತ್ತಿಕೊಂಡಳು. ಎರಡನೆಯ ತಂತಿ ಸುಮಾರು 0.4 ಮಿಲಿಮೀಟರಿನ ಬರೀ ಉಕ್ಕು, ಗ್ಯಾಸ್ ಬರ್ನರಿನ ತೂತುಗಳಿಗೆ ಹೇಳಿ ಮಾಡಿಸಿದ್ದು. ಉಕ್ಕಿದ ಹಾಲು ಕಟ್ಟಿಕೊಂಡು ಹಳದಿ ಉರಿಯುತ್ತಿದ್ದ ಒಲೆ ಮರುದಿನ ನೀಲಿ ಉರಿಯಿತು. ಸುದ್ದಿ ಓಣಿಗೆ ಹಬ್ಬಿತು. ನಾವು ಹೊರಡುವ ಮುಂಚೆಯೇ ಹರಿದ ಒಂದನೆಯ ತಂತಿಯ ಎರಡು ತುಂಡಿಗೂ ಗಿರಾಕಿಗಳಿದ್ದರು.

ಈಗ ರವಿವಾರದ ವಿಡಿಯೋ ಕಾಲಿನಲ್ಲಿ ಮಗಳ ಮಾರ್ಕ್ಸ್ ಕೇಳುವುದು ಹಿಂದೆ ಬಿದ್ದಿದೆ. "ಗಡುವು ದಾಟೇತಿ, ಇನ್ನೂ ಬದಲಸಿಲ್ಲೇನು?" ಎಂದು ಅಪ್ಪ ಶುರು ಮಾಡುತ್ತಾರೆ. ಅವ್ವ ಫೋನಿಗೆ ಅಡ್ಡ ಬಂದು, ಆರೂ ಬದಲಿಸು, ಒಂದನ್ನೂ ಒಗೆಯಬೇಡ, ಯಾರಾದರೂ ಊರಿಗೆ ಬರುವವರಿದ್ದರೆ ಕೊಟ್ಟು ಕಳಿಸು ಅನ್ನುತ್ತಾಳೆ. ಹೋದ ವಾರ ಅದಕ್ಕೊಂದು ಸೇರ್ಪಡೆ ಬಂತು.

"ಈ ಸಲ ಒಂದೀಟು ದಪ್ಪನೂ ಹಾಕ್ಸವಾ. ನಿಮ್ಮ ಸಣ್ಣಜ್ಜನ ಮಲ್ಲಿಗಿ ಬಳ್ಳಿಗೆ ನೈಲಾನ್ ಜಾರತೈತಂತ."